ಲಕ್ಸೆಂಬರ್ಗ್ ಮತ್ತು ಬಡ ದೇಶಗಳ ಸೇವಾ ರಫ್ತು: ಅಂಕಿ ಸರಿ, ತೀರ್ಪು ತಪ್ಪು

ಮಾನ್ಯ ಸಂಪಾದಕರೇ,

ನಿಮ್ಮ ವಾಣಿಜ್ಯ ಪುಟದಲ್ಲಿ ಬಂದ ವಾಣಿಜ್ಯ ಸೇವಾ ರಫ್ತಿನ ಕೋಷ್ಟಕವನ್ನು ಓದಿದೆವು. ಒಂದು ಸಾಲಿನಲ್ಲಿ ಲಕ್ಸೆಂಬರ್ಗ್, ಅದರ ಕೆಳಗೆ ಬಡ ದೇಶಗಳ ಇಡೀ ಗುಂಪು. ಅಂಕಿಗಳ ಬಗ್ಗೆ ತಕರಾರಿಲ್ಲ. ಆದರೆ ಜೊತೆಗಿದ್ದ ಟಿಪ್ಪಣಿ, ಪುಟ್ಟ ದೇಶವೊಂದಕ್ಕೆ ಸಾಧ್ಯವಾದದ್ದು ಇಷ್ಟು ದೇಶಗಳಿಗೆ ಸೇರಿಯೂ ಏಕಾಗಲಿಲ್ಲ ಎಂದು ಕೇಳಿ, ಕೌಶಲ ಮತ್ತು ಇಚ್ಛಾಶಕ್ತಿಯ ಕೊರತೆಯೇ ಕಾರಣ ಎಂದು ತೀರ್ಪನ್ನೂ ಕೊಟ್ಟಿದೆ. ಆ ತೀರ್ಪಿಗೆ ಈ ಕೋಷ್ಟಕದಲ್ಲಿ ಆಧಾರ ಸಿಗುವುದಿಲ್ಲ. ಏಕೆಂದರೆ ಎರಡು ಸಾಲುಗಳೂ ಒಂದೇ ಶೀರ್ಷಿಕೆಯ ಕೆಳಗೆ ಇದ್ದರೂ ಅಳೆಯುತ್ತಿರುವುದು ಬೇರೆ ಬೇರೆ ಸಂಗತಿಗಳನ್ನು.

ಮೊದಲು ಅಂತರದ ಗಾತ್ರ ಎಷ್ಟೆಂದು ನೋಡೋಣ. 2023ರಲ್ಲಿ ಲಕ್ಸೆಂಬರ್ಗಿನ ಜನಸಂಖ್ಯೆ ಸುಮಾರು 6.6 ಲಕ್ಷ, ಸೇವಾ ರಫ್ತು ವರ್ಷಕ್ಕೆ 13,000 ಕೋಟಿ ಡಾಲರಿನ ಆಸುಪಾಸು. ವಿಶ್ವಸಂಸ್ಥೆಯ 'ಅತಿ ಹಿಂದುಳಿದ ದೇಶಗಳ' ಪಟ್ಟಿಯಲ್ಲಿ ಈಗಿರುವ 44 ದೇಶಗಳ ಜನಸಂಖ್ಯೆ 110 ಕೋಟಿಗೂ ಹೆಚ್ಚು. ಅವೆಲ್ಲ ಸೇರಿ ಜಗತ್ತಿನ ವಾಣಿಜ್ಯ ಸೇವಾ ರಫ್ತಿನಲ್ಲಿ ಪಡೆದಿರುವ ಪಾಲು ಶೇ 1ಕ್ಕಿಂತ ಕಡಿಮೆ. 2023ರಲ್ಲಿ ಜಗತ್ತಿನ ಒಟ್ಟು ಮೊತ್ತ ಸುಮಾರು 7.5 ಲಕ್ಷ ಕೋಟಿ ಡಾಲರ್ ಆಗಿದ್ದರಿಂದ, ಶೇ 1 ಎಂದರೂ 7,500 ಕೋಟಿ. ತಲಾವಾರು ಹಂಚಿದರೆ ಲಕ್ಸೆಂಬರ್ಗಿನಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ 2 ಲಕ್ಷ ಡಾಲರ್, ಆ ಕಡೆ 70 ಡಾಲರ್ ಕೂಡ ದಾಟದು. ಮೂರು ಸಾವಿರ ಪಟ್ಟು ಅಂತರ. ಯಾವುದೇ ಆರ್ಥಿಕ ಸೂಚ್ಯಂಕದಲ್ಲಿ ಇಷ್ಟು ದೊಡ್ಡ ಅಂತರ ಕಂಡರೆ ದೇಶಗಳನ್ನು ಬೈಯುವ ಮೊದಲು ಅಳತೆಕೋಲನ್ನು ಒಮ್ಮೆ ತಿರುಗಿಸಿ ನೋಡಬೇಕು.

ಈ ಅಂಕಿಗಳೆಲ್ಲ ಹುಟ್ಟುವುದು ಬ್ಯಾಲೆನ್ಸ್ ಆಫ್ ಪೇಮೆಂಟ್ಸ್ ಲೆಕ್ಕದಲ್ಲಿ, ಅಂದರೆ ದೇಶವೊಂದು ಹೊರಜಗತ್ತಿನ ಜೊತೆ ನಡೆಸಿದ ವ್ಯವಹಾರಗಳ ಲೆಕ್ಕದಲ್ಲಿ. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 2009ರಲ್ಲಿ ಹೊರತಂದ ಆರನೇ ಆವೃತ್ತಿಯ ಕೈಪಿಡಿ ಸೇವೆಗಳನ್ನು 12 ಬಾಬ್ತುಗಳಾಗಿ ವಿಂಗಡಿಸುತ್ತದೆ: ಸಾರಿಗೆ, ಪ್ರವಾಸ, ನಿರ್ಮಾಣ, ವಿಮೆ, ಹಣಕಾಸು, ಬೌದ್ಧಿಕ ಸ್ವತ್ತಿನ ಬಳಕೆ ಶುಲ್ಕ, ದೂರಸಂಪರ್ಕ ಮತ್ತು ಕಂಪ್ಯೂಟರ್, ಇತರ ವ್ಯವಹಾರ ಸೇವೆಗಳು, ಹೀಗೆ. ಇಲ್ಲಿ ಎಣಿಕೆಯ ಸೂತ್ರ ಒಂದೇ. ದೇಶದ ನಿವಾಸಿ ಸಂಸ್ಥೆಯೊಂದು ಅನಿವಾಸಿಗೆ ಸೇವೆ ಮಾರಿದರೆ ಅದು ರಫ್ತು. ಕೆಲಸ ಎಲ್ಲಿ ನಡೆಯಿತು, ಯಾರ ಕೈಯಿಂದ ನಡೆಯಿತು, ಬಂದ ಹಣದಲ್ಲಿ ಎಷ್ಟು ಉಳಿಯಿತು ಎಂಬ ಪ್ರಶ್ನೆಗಳನ್ನು ಈ ಕಾಲಂ ಕೇಳುವುದೇ ಇಲ್ಲ. ಸರಕಿನ ರಫ್ತಿಗೂ ಈ ಮಿತಿ ಇದೆ, ನಿಜ. ಆದರೆ ಸರಕು ಬಂದರಿನಲ್ಲಿ ಕಣ್ಣಿಗೆ ಬೀಳುತ್ತದೆ. ಸೇವೆ ಬರುವುದು ಇನ್‌ವಾಯ್ಸ್ ರೂಪದಲ್ಲಿ, ಕೆಲವೊಮ್ಮೆ ಇನ್‌ವಾಯ್ಸ್ ಕೂಡ ಇಲ್ಲದೆ.

ಇನ್‌ವಾಯ್ಸ್ ಇಲ್ಲದೆಯೂ ರಫ್ತು ಆಗುವುದಕ್ಕೆ ಲಕ್ಸೆಂಬರ್ಗಿನ ಹೂಡಿಕೆ ಫಂಡುಗಳೇ ಒಳ್ಳೆಯ ಉದಾಹರಣೆ. ಹಲವರ ಹಣ ಕೂಡಿಸಿ ಷೇರು ಮುಂತಾದವುಗಳಲ್ಲಿ ತೊಡಗಿಸುವ ಇಂಥ ಸಾಮೂಹಿಕ ಹೂಡಿಕೆ ಫಂಡುಗಳ ಬಗ್ಗೆ ಯುರೋಪಿನ ನಿರ್ದೇಶನ, ಅಂದರೆ ಸದಸ್ಯ ದೇಶಗಳು ತಮ್ಮ ಕಾನೂನಿಗೆ ತಂದುಕೊಳ್ಳಬೇಕಾದ ನಿಯಮ, 1985ರಲ್ಲಿ ಬಂತು. ಅದನ್ನು ಎಲ್ಲರಿಗಿಂತ ಮೊದಲು, 1988ರ ಮಾರ್ಚ್ 30ರ ಕಾಯ್ದೆಯ ಮೂಲಕ, ತನ್ನ ಕಾನೂನಿಗೆ ತಂದುಕೊಂಡದ್ದು ಲಕ್ಸೆಂಬರ್ಗ್. ಅಲ್ಲಿ ಒಮ್ಮೆ ನೋಂದಣಿಯಾದ ಫಂಡನ್ನು ಯುರೋಪ್ ಒಕ್ಕೂಟದ ಉಳಿದ ದೇಶಗಳಲ್ಲಿ ಮತ್ತೊಂದು ಪರವಾನಗಿಯ ಗೊಡವೆಯಿಲ್ಲದೆ ಮಾರಬಹುದು. ಈಗ ಆ ದೇಶದಲ್ಲಿ ನೋಂದಣಿಯಾಗಿರುವ ಫಂಡುಗಳ ಆಸ್ತಿ 5 ಲಕ್ಷ ಕೋಟಿ ಯೂರೋ ದಾಟಿದೆ.

ಒಂದು ಫಂಡನ್ನು ಬಿಡಿಸಿ ನೋಡೋಣ. ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು, ಆದರೆ ದಾರಿ ನಿಜವಾದದ್ದು. ಫಂಡಿನ ಆಸ್ತಿ 100 ಕೋಟಿ ಯೂರೋ. ಹೂಡಿಕೆದಾರರು ಜರ್ಮನಿ, ಇಟಲಿಯವರು. ವಾರ್ಷಿಕ ವೆಚ್ಚ ಶೇ 1.5, ಅಂದರೆ 150 ಲಕ್ಷ ಯೂರೋ. ಇದಕ್ಕಾಗಿ ಹೂಡಿಕೆದಾರನಿಗೆ ಯಾರೂ ಬಿಲ್ ಕಳಿಸುವುದಿಲ್ಲ. ಫಂಡಿನ ಆಸ್ತಿಯಿಂದಲೇ ದಿನದಿನಕ್ಕೆ ಕಳೆದುಕೊಳ್ಳುತ್ತಾರೆ. ಹೀಗೆ ಒಳಗಿನಿಂದಲೇ ಕಡಿತವಾದ ವೆಚ್ಚವನ್ನೂ ಹಣಕಾಸು ಸೇವೆಯ ಮಾರಾಟವೆಂದೇ ಪರಿಗಣಿಸಬೇಕೆಂದು ಐಎಂಎಫ್ ಕೈಪಿಡಿ ಹೇಳುತ್ತದೆ. ಆದ್ದರಿಂದ ಪೂರ್ತಿ 150 ಲಕ್ಷ ಲಕ್ಸೆಂಬರ್ಗಿನ ರಫ್ತು ಖಾತೆಗೆ ಸೇರುತ್ತದೆ.

ಅದರಲ್ಲಿ ಅಲ್ಲೇ ಉಳಿಯುವುದೆಷ್ಟು? ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ತೀರ್ಮಾನಿಸುವ ಪೋರ್ಟ್‌ಫೋಲಿಯೋ ಮ್ಯಾನೇಜರ್ ಹೆಚ್ಚಾಗಿ ಲಂಡನ್, ನ್ಯೂಯಾರ್ಕ್, ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್‌ನಲ್ಲಿ ಕೂತಿರುತ್ತಾನೆ. ಆ ಕೆಲಸವನ್ನು ಒಪ್ಪಂದದ ಮೇಲೆ ಅವನಿಗೆ ವಹಿಸಿರುತ್ತಾರೆ. ಅವನಿಗೆ 55 ಲಕ್ಷ ಹೋಯಿತೆನ್ನಿ. ಇಟಲಿಯಲ್ಲಿ ಆ ಫಂಡನ್ನು ಗ್ರಾಹಕನಿಗೆ ಮಾರಿದ ಬ್ಯಾಂಕಿಗೆ ವರ್ಷ ವರ್ಷವೂ ಮಾರಾಟ ಕಮಿಷನ್ ಸಲ್ಲುತ್ತದೆ. ಅದು 65 ಲಕ್ಷ. ಉಳಿದ 30 ಲಕ್ಷದಲ್ಲಿ ಆಸ್ತಿಯನ್ನು ಕಾಯುವ ಡೆಪಾಸಿಟರಿ ಬ್ಯಾಂಕ್, ಯೂನಿಟ್ಟಿನ ದೈನಂದಿನ ಮೌಲ್ಯ ಲೆಕ್ಕ ಹಾಕುವವರು, ಹೂಡಿಕೆದಾರರ ರಿಜಿಸ್ಟರ್ ಇಡುವವರು, ಆಡಿಟರ್, ವಕೀಲರು ಎಲ್ಲರೂ ಬದುಕಬೇಕು. ಜೊತೆಗೆ ಚಂದಾ ತೆರಿಗೆ ಎಂಬುದೊಂದಿದೆ. ಸಾಮಾನ್ಯ ಫಂಡಿಗೆ ಅದರ ದರ ಆಸ್ತಿಯ ಶೇ 0.05. ನಮ್ಮ ಫಂಡಿನ ಪಾಲಿಗೆ 5 ಲಕ್ಷ ಯೂರೋ. ಅಂದರೆ ರಫ್ತು ಎಂದು ದಾಖಲಾದ 150ರಲ್ಲಿ 120 ಆಮದು ಸೇವೆಯ ರೂಪದಲ್ಲಿ ಮತ್ತೆ ಗಡಿ ದಾಟಿತು.

ಇದು ಒಂದು ಫಂಡಿನ ಕಥೆಯಷ್ಟೇ ಅಲ್ಲ. ಇಡೀ ದೇಶದ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ ಇದೆ: ಲಕ್ಸೆಂಬರ್ಗಿನ ಸೇವಾ ಆಮದು ಅದರ ಸೇವಾ ರಫ್ತಿನ ಮುಕ್ಕಾಲು ಪಾಲಿನಷ್ಟಿದೆ. ಇನ್ನೊಂದು ಸುಲಭ ಪರೀಕ್ಷೆ ಇದೆ. 2023ರಲ್ಲಿ ಆ ದೇಶದ ಜಿಡಿಪಿ ಸುಮಾರು 8,500 ಕೋಟಿ ಡಾಲರ್. ಸೇವಾ ರಫ್ತು ಅದಕ್ಕಿಂತ ಎಷ್ಟೋ ಹೆಚ್ಚು. ದೇಶದೊಳಗೆ ಸೃಷ್ಟಿಯಾದ ಒಟ್ಟು ಮೌಲ್ಯಕ್ಕಿಂತ ಅದರ ರಫ್ತು ಹೆಚ್ಚಾಗಿದ್ದರೆ, ರಫ್ತಿನ ದೊಡ್ಡ ಭಾಗ ಬೇರೆಯವರು ಮಾಡಿದ ಕೆಲಸ ಎಂದೇ ಅರ್ಥ. ಕೋಷ್ಟಕದ ಪಕ್ಕದಲ್ಲಿ ಜಿಡಿಪಿಯ ಒಂದು ಕಾಲಂ ಇದ್ದಿದ್ದರೆ ಓದುಗರೇ ಇದನ್ನು ಹಿಡಿಯುತ್ತಿದ್ದರು.

ತಲಾವಾರು ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಸಂಬಳಕ್ಕೆ ದುಡಿಯುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಲ್ಲಿ ಮನೆ ಮಾಡಿಕೊಂಡು ದಿನವೂ ಗಡಿ ದಾಟಿ ಬರುವವರು. ಅವರ ದುಡಿಮೆಯ ಫಲ ಲಕ್ಸೆಂಬರ್ಗಿನ ರಫ್ತಿನಲ್ಲಿದೆ, ಆದರೆ ಭಾಜಕದಲ್ಲಿರುವ 6.6 ಲಕ್ಷದಲ್ಲಿ ಅವರಿಲ್ಲ. ಅವರ ಸಂಬಳ ಸೇವಾ ಆಮದು ಎಂದೂ ದಾಖಲಾಗುವುದಿಲ್ಲ. ಅದಕ್ಕೆ 'ನೌಕರರ ಸಂಭಾವನೆ' ಎಂಬ ಬೇರೆಯೇ ಬಾಬ್ತಿದೆ, ಆದಾಯ ಖಾತೆಯಲ್ಲಿ. ಆದ್ದರಿಂದ ಸೇವಾ ಆಮದನ್ನು ಕಳೆದ ಮೇಲೂ ಲಕ್ಸೆಂಬರ್ಗಿನ ನಿವ್ವಳ ಸ್ವಲ್ಪ ಉಬ್ಬಿಯೇ ಇರುತ್ತದೆ.

ಈಗ ಅದೇ ನಿಯಮವನ್ನು ಬಡ ದೇಶಗಳ ಕಡೆಗೆ ತಿರುಗಿಸಿದರೆ ಅನ್ಯಾಯ ಎದ್ದು ಕಾಣುತ್ತದೆ. ನೇಪಾಳದ ನರ್ಸ್ ಒಬ್ಬರನ್ನು ಹೊರದೇಶದ ಆಸ್ಪತ್ರೆ ನೇರವಾಗಿ ಕೆಲಸಕ್ಕೆ ತೆಗೆದುಕೊಂಡಿತು ಎನ್ನಿ. ವರ್ಷದೊಳಗಿನ ಕೆಲಸವಾದರೆ ಅವರ ಸಂಬಳ ನೌಕರರ ಸಂಭಾವನೆ. ವರ್ಷ ಮೀರಿ ಅಲ್ಲೇ ನೆಲೆಸಿದರೆ ಮನೆಗೆ ಕಳಿಸುವ ಹಣ ವೈಯಕ್ತಿಕ ವರ್ಗಾವಣೆ. ಎರಡೂ ಸೇವಾ ರಫ್ತಲ್ಲ. ಅದೇ ನರ್ಸ್ ಕಠ್ಮಂಡುವಿನ ಏಜೆನ್ಸಿಯೊಂದರ ನೌಕರರಾಗಿದ್ದು, ಆ ಏಜೆನ್ಸಿ ಆಸ್ಪತ್ರೆಯ ಜೊತೆ ಆರು ತಿಂಗಳ ಗುತ್ತಿಗೆ ಮಾಡಿಕೊಂಡು ಕಳಿಸಿದ್ದರೆ ಪೂರ್ತಿ ಹಣ ಸೇವಾ ರಫ್ತು. ರೋಗಿ ಅದೇ, ವಾರ್ಡ್ ಅದೇ, ಇಂಜೆಕ್ಷನ್ ಅದೇ. ನೇಪಾಳಕ್ಕೆ ಹೊರಗಿನಿಂದ ಬರುವ ಇಂಥ ಹಣ ಅದರ ಜಿಡಿಪಿಯ ಕಾಲುಭಾಗದಷ್ಟಿದೆ. ನಿಮ್ಮ ಕೋಷ್ಟಕದಲ್ಲಿ ಅದರ ಒಂದು ಡಾಲರೂ ಇಲ್ಲ. ಬಡ ದೇಶಗಳು ಸೇವೆ ಮಾರುವುದಿಲ್ಲ ಎಂದು ಬರೆಯುವ ಮೊದಲು ಇಷ್ಟನ್ನಾದರೂ ಗಮನಿಸಬೇಕಿತ್ತು. ಅವು ಮಾರುತ್ತಿರುವುದು ಇನ್‌ವಾಯ್ಸ್ ಇಲ್ಲದ ದುಡಿಮೆಯನ್ನು. ಫಂಡಿನ ಶುಲ್ಕವನ್ನು ರಫ್ತಿಗೆ ಸೇರಿಸಿಕೊಂಡ ಲೆಕ್ಕ ಇದನ್ನು ಹೊರಗಿಟ್ಟಿದೆ.

ಪ್ರವಾಸ ಮತ್ತು ಸಾರಿಗೆ, ಈ ಎರಡೇ ಬಾಬ್ತು ಸೇರಿ ಅತಿ ಹಿಂದುಳಿದ ದೇಶಗಳ ಸೇವಾ ರಫ್ತಿನ ಅರ್ಧಕ್ಕಿಂತ ಹೆಚ್ಚು. ಇವುಗಳ ಸ್ವಭಾವವೇ ಬೇರೆ. ರುವಾಂಡಾದಲ್ಲಿ ಬೆಟ್ಟದ ಗೊರಿಲ್ಲಾಗಳನ್ನು ನೋಡಲು ವಿದೇಶಿ ಪ್ರವಾಸಿಗೆ ಪರ್ಮಿಟ್ ಶುಲ್ಕ 2017ರಿಂದ 1,500 ಡಾಲರ್. ಅದು ಪ್ರವಾಸ ಬಾಬ್ತಿನ ರಫ್ತು, ಹೆಚ್ಚುಕಡಿಮೆ ಅಷ್ಟೂ ದೇಶದೊಳಗೇ ಉಳಿಯುವಂಥದ್ದು. ಕಾಡಿನ ಕಾವಲುಗಾರನನ್ನು ಲಂಡನ್ನಿಗೆ ಹೊರಗುತ್ತಿಗೆ ಕೊಡಲಾಗದಲ್ಲ! ಆದರೆ ಒಂದು ಗೊರಿಲ್ಲಾ ಕುಟುಂಬದ ಬಳಿಗೆ ದಿನಕ್ಕೆ ಎಂಟು ಮಂದಿಯ ಒಂದು ತಂಡಕ್ಕಷ್ಟೇ ಅವಕಾಶ. ಬೇಡಿಕೆ ಎಷ್ಟೇ ಏರಿದರೂ ಮಾರಾಟ ಏರದು. 100 ಕೋಟಿಯ ಫಂಡು 200 ಕೋಟಿಯಾದರೆ ಶುಲ್ಕವೂ ಎರಡರಷ್ಟಾಗುತ್ತದೆ, ಸಿಬ್ಬಂದಿ ಎರಡರಷ್ಟು ಬೇಕಿಲ್ಲ. ಲಕ್ಸೆಂಬರ್ಗಿನ ರಫ್ತು ಷೇರು ಮಾರುಕಟ್ಟೆ ಏರಿದಾಗ ತಾನೇ ಏರುವುದಕ್ಕೆ ಇದೇ ಕಾರಣ. ಆ ಏರಿಕೆಯನ್ನು ದಕ್ಷತೆ ಎಂದು ಓದಿಕೊಳ್ಳುವವರು ಮಾರುಕಟ್ಟೆ ಇಳಿದ ವರ್ಷದ ಅಂಕಿಯನ್ನೂ ನೋಡಲಿ.

ಮಾಲ್ದೀವ್ಸ್ ಅನ್ನು ಬಡ ದೇಶವೆಂದು ಈಗ ಕರೆಯಲಾಗದು. 2011ರ ಜನವರಿ 1ರಂದು ಅದು ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂತು. ಪುಟ್ಟ ದೇಶವೊಂದು ಸೇವೆಯ ಬಲದಿಂದ ಮೇಲೆ ಬಂದದ್ದಕ್ಕೆ ಉದಾಹರಣೆ ಬೇಕಿದ್ದರೆ ಲಕ್ಸೆಂಬರ್ಗಿಗಿಂತ ಇದೇ ಹತ್ತಿರದ್ದು. ಐದು ಲಕ್ಷ ಚಿಲ್ಲರೆ ಜನಸಂಖ್ಯೆಯ ಆ ದೇಶಕ್ಕೆ 2024ರಲ್ಲಿ ಬಂದ ಪ್ರವಾಸಿಗರು 20 ಲಕ್ಷ. ಆದರೆ ಅಲ್ಲಿಯೂ ರಫ್ತಿನ ಅಂಕಿ ಪೂರ್ತಿ ಕಥೆ ಹೇಳದು. ರೆಸಾರ್ಟಿನ ಊಟದ ಸಾಮಾನು, ಡೀಸೆಲ್, ಪೀಠೋಪಕರಣ ಬಹುಪಾಲು ಹೊರಗಿನಿಂದಲೇ ಬರಬೇಕು; ಅದು ಸರಕು ಆಮದಿನಲ್ಲಿ ಕಾಣುತ್ತದೆ. ವಿದೇಶಿ ಮಾಲೀಕರ ಲಾಭ ಆದಾಯ ಖಾತೆಯಲ್ಲಿ ಹೊರಹೋಗುತ್ತದೆ. ಬೇರೆ ದೇಶದಿಂದ ಬಂದ ಕೆಲಸಗಾರರು ಊರಿಗೆ ಕಳಿಸುವ ಹಣ ಮತ್ತೊಂದು ಕಡೆ. ಪ್ರವಾಸಿಯನ್ನು ಕರೆತಂದ ವಿದೇಶಿ ವಿಮಾನದ ಟಿಕೆಟ್ ಹಣವಂತೂ ಮಾಲ್ದೀವ್ಸ್ ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಪ್ರವಾಸ ಆಧಾರಿತ ದೇಶದಲ್ಲಿ ಸೇವಾ ರಫ್ತಿನಿಂದ ಸೇವಾ ಆಮದನ್ನಷ್ಟೇ ಕಳೆದು ನಿವ್ವಳ ಎಂದರೆ ಸಾಲದು. ಸೋರಿಕೆ ಬೇರೆ ಮೂರು ಖಾತೆಗಳಲ್ಲಿ ಅಡಗಿದೆ. 2020ರ ಮಾರ್ಚ್ ಕೊನೆಯಿಂದ ಜುಲೈ 15ರ ತನಕ ಪ್ರವಾಸಿಗರಿಗೆ ಗಡಿ ಮುಚ್ಚಿದಾಗ ಆ ತಿಂಗಳುಗಳ ಪ್ರವಾಸ ರಫ್ತು ಬಹುತೇಕ ಶೂನ್ಯಕ್ಕೆ ಬಂತು. ಜಗತ್ತಿನ ಸೇವಾ ವ್ಯಾಪಾರ ಆ ವರ್ಷ ಸುಮಾರು ಐದನೇ ಒಂದು ಪಾಲು ಕುಗ್ಗಿದರೆ ಅತಿ ಹಿಂದುಳಿದ ದೇಶಗಳದ್ದು ಮೂರನೇ ಒಂದರಷ್ಟು ಕುಸಿಯಿತು. ಫಂಡುಗಳ ಮೌಲ್ಯ ಲೆಕ್ಕ ಹಾಕುವವರು ಮನೆಯಿಂದಲೇ ಕೆಲಸ ಮಾಡಿದರು.

ಸಾರಿಗೆಯಲ್ಲಿ ಇಥಿಯೋಪಿಯಾ ಗಮನಿಸಬೇಕಾದ ಅಪವಾದ. ಲಾಗೋಸ್‌ನಿಂದ ಗುವಾಂಗ್‌ಝೌಗೆ ಹೋಗುವ ವ್ಯಾಪಾರಿ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿದರೆ, ಅವನು ಇಥಿಯೋಪಿಯಾದ ನೆಲದಲ್ಲಿ ಒಂದು ಕಾಫಿ ಕುಡಿಯದಿದ್ದರೂ ಟಿಕೆಟ್ಟಿನ ಹಣ ಆ ದೇಶದ ಸೇವಾ ರಫ್ತು. ಪೈಲಟ್ ತರಬೇತಿ, ವಿಮಾನ ದುರಸ್ತಿ, ಅಡುಗೆಮನೆ ಎಲ್ಲವನ್ನೂ ದೇಶದಲ್ಲೇ ಕಟ್ಟಿಕೊಂಡಿರುವುದರಿಂದ ಗಣನೀಯ ಭಾಗ ಒಳಗೂ ಉಳಿಯುತ್ತದೆ. ಕೌಶಲದ ಕೊರತೆ ಎಂಬ ನಿಮ್ಮ ಟಿಪ್ಪಣಿಗೆ ಇದೊಂದೇ ಉತ್ತರ ಸಾಕು.

ಇನ್ನು ಲೈಬೀರಿಯಾ. ಲಕ್ಸೆಂಬರ್ಗಿನ ದಾರಿಯನ್ನೇ ಬಡ ದೇಶ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಅದು ಹಳೆಯ ಸಾಕ್ಷಿ. ಟನ್ನೇಜ್, ಅಂದರೆ ಹಡಗುಗಳ ಒಟ್ಟು ಗಾತ್ರದ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಹಡಗು ನೋಂದಣಿಗಳಲ್ಲಿ ಲೈಬೀರಿಯಾದ್ದೂ ಒಂದು. ಆ ಧ್ವಜದ ಹಡಗುಗಳು ಎಲ್ಲ ಸಾಗರಗಳಲ್ಲೂ ಓಡುತ್ತವೆ. ಆದರೆ ಹಡಗಿನ ಬಾಡಿಗೆ ಯಾರ ರಫ್ತು ಎಂಬುದನ್ನು ಧ್ವಜ ನಿರ್ಧರಿಸುವುದಿಲ್ಲ, ಹಡಗು ನಡೆಸುವ ಕಂಪನಿಯ ನೆಲೆ ನಿರ್ಧರಿಸುತ್ತದೆ. ಅದು ಗ್ರೀಸ್ ಇರಬಹುದು, ಜಪಾನ್ ಇರಬಹುದು. ಲೈಬೀರಿಯಾಕ್ಕೆ ದಕ್ಕುವುದು ನೋಂದಣಿ ಮತ್ತು ಟನ್ನೇಜ್ ಶುಲ್ಕ. ಆ ರಿಜಿಸ್ಟರ್ ನಡೆಸುವ ಕಚೇರಿ ಕೂಡ ಅಮೆರಿಕದ ವರ್ಜೀನಿಯಾದಲ್ಲಿದೆ, ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಲ್ಲ. ಕಾಗದದ ಮೇಲಿನ ನೆಲೆಯನ್ನು ಮಾರುವ ವ್ಯಾಪಾರ ಎರಡೂ ದೇಶಗಳದ್ದು. ವ್ಯತ್ಯಾಸ ಇರುವುದು ಆ ಕಾಗದಕ್ಕೆ ಬೇಕಾದ ವಕೀಲ, ಬ್ಯಾಂಕು, ಆಡಿಟರ್ ಎಲ್ಲಿ ಕೂತಿದ್ದಾರೆ ಎಂಬುದರಲ್ಲಿ.

ಸಣ್ಣ ದೇಶಕ್ಕೆ ಇಂಥ ವ್ಯಾಪಾರ ಲಾಭದಾಯಕ ಆಗುವುದಕ್ಕೆ ಸರಳ ಗಣಿತವಿದೆ. ದೊಡ್ಡ ದೇಶ ಫಂಡಿನ ತೆರಿಗೆಯನ್ನು ಶೇ 0.05ಕ್ಕೆ ಇಳಿಸಿದರೆ ತನ್ನದೇ ಹೂಡಿಕೆದಾರರಿಂದ ಬರಬೇಕಾದ ಆದಾಯ ಕಳೆದುಕೊಳ್ಳುತ್ತದೆ. ಲಕ್ಸೆಂಬರ್ಗಿಗೆ ಕಳೆದುಕೊಳ್ಳಲು ಅಂಥದ್ದೇನೂ ಇರಲಿಲ್ಲ, ಬಂದದ್ದೆಲ್ಲ ಲಾಭವೇ. ಆನ್‌ಲೈನ್ ಸೇವೆಗಳ ವ್ಯಾಟ್ ವಿಚಾರದಲ್ಲೂ ಇದೇ ನಡೆಯಿತು: 2014ರ ಕೊನೆಯವರೆಗೆ ಯುರೋಪ್ ಒಕ್ಕೂಟದೊಳಗೆ ಮಾರುವವನ ದೇಶದ ದರ ಅನ್ವಯಿಸುತ್ತಿತ್ತು, ಲಕ್ಸೆಂಬರ್ಗಿನ ದರ ಆಗ ಶೇ 15. 2015ರ ಜನವರಿ 1ರಿಂದ ಕೊಳ್ಳುವವನ ದೇಶದ ದರಕ್ಕೆ ನಿಯಮ ಬದಲಾಯಿತು. ಇದೆಲ್ಲ ನಡೆಯುವುದು ಸುತ್ತ ಶ್ರೀಮಂತ ನೆರೆಯವರಿದ್ದು, ಅವರ ಮಾರುಕಟ್ಟೆಗೆ ಒಂದೇ ಪರವಾನಗಿಯಲ್ಲಿ ಪ್ರವೇಶ ಇದ್ದಾಗ. ಆಫ್ರಿಕಾದ ಬುರುಂಡಿಗೆ ಅಂಥ ನೆರೆಯೂ ಇಲ್ಲ, ಅಂಥ ಪರವಾನಗಿಯೂ ಇಲ್ಲ.

ಇಷ್ಟು ಹೇಳಿದ ಮೇಲೆ ಕೋಷ್ಟಕದ ತಾಂತ್ರಿಕ ತೊಡಕುಗಳಿಗೆ ಬರುತ್ತೇವೆ. ಪತ್ರಿಕೆಯವರಿಗೆ ಇವೇ ಹೆಚ್ಚು ಉಪಯೋಗಕ್ಕೆ ಬರಬಹುದು.

'ಬಡ ದೇಶಗಳು' ಎಂದರೆ ಯಾವುವು? ವಿಶ್ವಬ್ಯಾಂಕಿನ 'ಕಡಿಮೆ ಆದಾಯದ' ಗುಂಪು ಮತ್ತು ವಿಶ್ವಸಂಸ್ಥೆಯ 'ಅತಿ ಹಿಂದುಳಿದ' ಪಟ್ಟಿ ಒಂದೇ ಅಲ್ಲ. ಬಾಂಗ್ಲಾದೇಶ, ಕಾಂಬೋಡಿಯಾ, ನೇಪಾಳ ಎರಡನೆಯದರಲ್ಲಿವೆ, ಮೊದಲನೆಯದರಲ್ಲಿಲ್ಲ. ಸಿರಿಯಾ ಮತ್ತು ಉತ್ತರ ಕೊರಿಯಾ ಮೊದಲನೆಯದರಲ್ಲಿವೆ, ಎರಡನೆಯದರಲ್ಲಿಲ್ಲ. ನಿಮ್ಮ ಶೀರ್ಷಿಕೆ ಒಂದನ್ನು ಹೇಳಿ, ಅಡಿಟಿಪ್ಪಣಿ ಇನ್ನೊಂದನ್ನು ಹೇಳುತ್ತಿತ್ತು. ವಿಶ್ವಬ್ಯಾಂಕಿನ ಗುಂಪು ಪ್ರತಿ ವರ್ಷ ಜುಲೈ 1ಕ್ಕೆ ಪರಿಷ್ಕರಣೆಯಾಗುತ್ತದೆ. ತಲಾ ರಾಷ್ಟ್ರೀಯ ಆದಾಯ ಮಿತಿ ದಾಟಿದ ದೇಶ ಗುಂಪು ಬಿಡುತ್ತದೆ. ಈಚಿನ ವರ್ಷಗಳಲ್ಲಿ ಆ ಮಿತಿ 1,100 ಡಾಲರಿಗಿಂತ ಸ್ವಲ್ಪ ಮೇಲಿದೆ. 2007ರ ಆದಾಯದ ಆಧಾರದ ಮೇಲೆ ಭಾರತ ಹೊರಬಂತು, ತನ್ನ ಸಾಫ್ಟ್‌ವೇರ್ ರಫ್ತನ್ನೂ ಜೊತೆಗೇ ಕೊಂಡೊಯ್ದಿತು. 2015ರ ಜುಲೈನಲ್ಲಿ ಬಾಂಗ್ಲಾದೇಶ, ಕೀನ್ಯಾ, ಮ್ಯಾನ್ಮಾರ್, ತಜಿಕಿಸ್ತಾನ ಒಟ್ಟಿಗೆ ಹೊರಬಂದವು. ಮೇಲೇರಿದವರೆಲ್ಲ ಹೋದ ಮೇಲೆ ಗುಂಪಿನಲ್ಲಿ ಉಳಿದವುಗಳಲ್ಲಿ ಹಲವು ಅಫ್ಗಾನಿಸ್ತಾನ, ಯೆಮನ್, ಸುಡಾನ್, ದಕ್ಷಿಣ ಸುಡಾನ್, ಸೊಮಾಲಿಯಾದಂಥ ಯುದ್ಧಪೀಡಿತ ದೇಶಗಳು. ಪಾಸಾದವರನ್ನು ಮುಂದಿನ ತರಗತಿಗೆ ಕಳಿಸಿ, ಈ ತರಗತಿಯಲ್ಲಿ ಪಾಸಾದವರೇ ಇಲ್ಲ ಎಂದಂತಾಯಿತು.

ಇದರಲ್ಲಿ ಇನ್ನೊಂದು ಬಲೆ ಇದೆ. ವಿಶ್ವಬ್ಯಾಂಕ್ ಹಿಂದಿನ ವರ್ಷಗಳ ಗುಂಪು ಮೊತ್ತವನ್ನೂ ಇಂದಿನ ಪಟ್ಟಿಯ ಪ್ರಕಾರವೇ ಮತ್ತೆ ಕೂಡಿಸುತ್ತದೆ. ಹೀಗಾಗಿ ಈಗ ಇಳಿಸಿಕೊಂಡ ಫೈಲಿನಲ್ಲಿ 2005ರ ಕಡಿಮೆ ಆದಾಯದ ಗುಂಪಿನೊಳಗೆ ಭಾರತ ಇಲ್ಲ. ಆಗ ಅಚ್ಚಾದ ವರದಿಯಲ್ಲಿ ಇದೆ. ಎರಡನ್ನೂ ಬೆರೆಸಿ ಒಂದು ಗ್ರಾಫ್ ಎಳೆದರೆ ಬಡ ದೇಶಗಳ ಸೇವಾ ರಫ್ತು ಒಮ್ಮೆಲೇ ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ. ಅಂಥ ಗ್ರಾಫ್ ಅಲ್ಲಲ್ಲಿ ಓಡಾಡುತ್ತಲೂ ಇರುತ್ತದೆ.

'ವಾಣಿಜ್ಯ' ಎಂಬ ವಿಶೇಷಣವೂ ಸುಮ್ಮನೆ ಬಂದದ್ದಲ್ಲ. ಒಟ್ಟು ಸೇವೆಗಳಿಂದ ಸರ್ಕಾರಿ ಸೇವೆಗಳ ಬಾಬ್ತನ್ನು ಕಳೆದರೆ ಉಳಿಯುವುದು ವಾಣಿಜ್ಯ ಸೇವೆ. ರಾಯಭಾರ ಕಚೇರಿಗಳು, ವಿದೇಶಿ ಸೇನಾ ನೆಲೆಗಳು, ಶಾಂತಿಪಾಲನಾ ಪಡೆಗಳು ಆತಿಥೇಯ ದೇಶದಲ್ಲಿ ಮಾಡುವ ಖರ್ಚೆಲ್ಲ ಆ ಸರ್ಕಾರಿ ಬಾಬ್ತಿಗೆ ಹೋಗುತ್ತದೆ. ಲಕ್ಸೆಂಬರ್ಗಿಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಪೂರ್ವ ಆಫ್ರಿಕಾದ ಜಿಬೂಟಿಯನ್ನು ನೋಡಿ: ಅಮೆರಿಕ, ಫ್ರಾನ್ಸ್, ಜಪಾನ್, ಇಟಲಿ, ಚೀನಾ ಐದೂ ದೇಶಗಳ ಸೇನಾ ನೆಲೆಗಳು ಅಲ್ಲಿವೆ. 2014ರ ಒಪ್ಪಂದದ ಪ್ರಕಾರ ಅಮೆರಿಕದ ನೆಲೆಯೊಂದರ ಬಾಡಿಗೆಯೇ ವರ್ಷಕ್ಕೆ 6.3 ಕೋಟಿ ಡಾಲರ್. ಹತ್ತು ಲಕ್ಷ ಚಿಲ್ಲರೆ ಜನರ ದೇಶಕ್ಕೆ ಇದು ದೊಡ್ಡ ಮೊತ್ತ. ಒಂದು ಸಾಲಿಗೆ ಒಟ್ಟು ಸೇವೆ, ಇನ್ನೊಂದಕ್ಕೆ ವಾಣಿಜ್ಯ ಸೇವೆ ಹಾಕಿದರೆ ಇಂಥ ದೇಶಗಳ ಸ್ಥಾನವೇ ಬದಲಾಗುತ್ತದೆ.

ಅಂಕಿ ಕಲೆಹಾಕುವ ರೀತಿಯಲ್ಲೂ ಸಮಾನತೆ ಇಲ್ಲ. ಲಕ್ಸೆಂಬರ್ಗಿನಲ್ಲಿ ದೊಡ್ಡ ಸಂಸ್ಥೆಗಳು ನೇರವಾಗಿ ವರದಿ ಒಪ್ಪಿಸುತ್ತವೆ. ಬಡ ದೇಶಗಳಲ್ಲಿ ಹೆಚ್ಚಾಗಿ ಬ್ಯಾಂಕುಗಳ ವಿದೇಶಿ ವಿನಿಮಯ ದಾಖಲೆಯೇ ಆಧಾರ. ಇಂತಿಷ್ಟು ಮೊತ್ತದ ಕೆಳಗಿನ ಪಾವತಿಗಳು ಅದರಲ್ಲಿ ದಾಖಲಾಗುವುದಿಲ್ಲ. ಉದ್ದೇಶದ ಕೋಡ್ ತಪ್ಪಾಗಿ ಬಿದ್ದರೆ ಅನುವಾದದ ಶುಲ್ಕ ಕುಟುಂಬಕ್ಕೆ ಬಂದ ಹಣವಾಗಿಬಿಡುತ್ತದೆ. ಪ್ರವಾಸದ ಲೆಕ್ಕವಂತೂ ಗುಣಾಕಾರ: ಬಂದವರ ಸಂಖ್ಯೆ, ತಂಗಿದ ಸರಾಸರಿ ರಾತ್ರಿ, ದಿನದ ಸರಾಸರಿ ಖರ್ಚು. 10 ಲಕ್ಷ ಪ್ರವಾಸಿಗರು, 7 ರಾತ್ರಿ, ದಿನಕ್ಕೆ 100 ಡಾಲರ್ ಎಂದರೆ 70 ಕೋಟಿ ಡಾಲರ್. ಹಳೆಯ ಸಮೀಕ್ಷೆಯ 100ರ ಜಾಗದಲ್ಲಿ ಈಗಿನ ನಿಜವಾದ ಖರ್ಚು 130 ಆಗಿದ್ದರೆ 21 ಕೋಟಿ ಮಾಯ. ಎರಿಟ್ರಿಯಾ, ಉತ್ತರ ಕೊರಿಯಾದಂಥ ದೇಶಗಳಿಂದ ಈಚಿನ ಅಂಕಿಯೇ ಇಲ್ಲ. ಗುಂಪಿನ ಮೊತ್ತದಲ್ಲಿ ಅಂದಾಜೂ ಬೆರೆತಿರುತ್ತದೆ. ರಫ್ತು ಮಾಡಿದ ದೇಶ ಹೇಳುವುದಕ್ಕೂ ಆಮದು ಮಾಡಿದ ದೇಶ ಹೇಳುವುದಕ್ಕೂ ತಾಳೆಯಾಗದಿದ್ದಾಗ ಎರಡನ್ನೂ ಹೊಂದಿಸಿ ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಮತ್ತು ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಜಂಟಿಯಾಗಿ ಸಮತೋಲಿತ ಅಂಕಿಗಳನ್ನು ಪ್ರಕಟಿಸುತ್ತವೆ. ದ್ವಿಪಕ್ಷೀಯ ಹೋಲಿಕೆಗೆ ಅದನ್ನು ಬಳಸುವುದು ಒಳ್ಳೆಯದು.

ಡಾಲರ್ ದರದ ಆಟ ಬೇರೆ. ಯೂರೋ 2021ರಲ್ಲಿ ಸರಾಸರಿ 1.18 ಡಾಲರ್ ಇದ್ದದ್ದು 2022ರಲ್ಲಿ 1.05ಕ್ಕೆ ಇಳಿಯಿತು. ಯೂರೋದಲ್ಲಿ ರಫ್ತು ಒಂದಿಷ್ಟೂ ಬದಲಾಗದಿದ್ದರೂ ಡಾಲರಿನಲ್ಲಿ ಶೇ 11ರಷ್ಟು ಕುಸಿದಂತೆ ತೋರುತ್ತದೆ. ಇಥಿಯೋಪಿಯಾದಲ್ಲಿ ಉಲ್ಟಾ. 2024ರ ಜುಲೈ ಕೊನೆಗೆ ಅಲ್ಲಿನ ಕರೆನ್ಸಿಯಾದ ಬಿರ್ ದರವನ್ನು ಮಾರುಕಟ್ಟೆಗೆ ಬಿಟ್ಟಾಗ ಡಾಲರಿಗೆ 57ರಷ್ಟಿದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತು. ವಿಮಾನದ ಟಿಕೆಟ್ ಹಣ ಡಾಲರಿನಲ್ಲೇ ಬರುವುದರಿಂದ ರಫ್ತು ಅಷ್ಟೇ ಉಳಿಯುತ್ತದೆ, ಡಾಲರಿನಲ್ಲಿ ಅಳೆದ ಜಿಡಿಪಿ ಕುಗ್ಗುತ್ತದೆ. ಆಗ ಜಿಡಿಪಿಯಲ್ಲಿ ಸೇವಾ ರಫ್ತಿನ ಪಾಲು ದಿಢೀರ್ ಜಿಗಿಯುತ್ತದೆ. ಒಂದೇ ವರ್ಷದ ಅಂಕಿ ಇಟ್ಟುಕೊಂಡು ಹೋಲಿಸಬಾರದು ಎನ್ನುವುದು ಇದಕ್ಕೇ. ಕನಿಷ್ಠ ಮೂರು ವರ್ಷದ ಸರಾಸರಿ ಬೇಕು, 2020 ಮತ್ತು 2021ನ್ನು ಬೇರೆಯಾಗಿಯೇ ನೋಡಬೇಕು.

ಈ ಎಲ್ಲ ತಿದ್ದುಪಡಿ ಮಾಡಿದ ಮೇಲೆ ಅಂತರ ಅಳಿಸಿಹೋಗುತ್ತದೆಯೇ? ಇಲ್ಲ. ಬಡ ದೇಶಗಳ ಅಂಕಿ ನಿಜಕ್ಕಿಂತ ಅರ್ಧದಷ್ಟೇ ದಾಖಲಾಗಿದೆ ಎಂದುಕೊಂಡರೂ ಅಳಿಸದು. ಲಕ್ಸೆಂಬರ್ಗಿನ ಸೇವಾ ಖಾತೆ ಆಮದು ಕಳೆದೂ ಭಾರಿ ಮಿಗತೆಯಲ್ಲಿದೆ. ಅತಿ ಹಿಂದುಳಿದ ದೇಶಗಳದ್ದು ಗುಂಪಾಗಿ ಕೊರತೆಯಲ್ಲಿದೆ. ಅವುಗಳ ಆಮದಿನಲ್ಲಿ ದೊಡ್ಡದು ಸರಕು ಸಾಗಣೆ ವೆಚ್ಚ. ಸಮುದ್ರವಿಲ್ಲದ ಚಾಡ್, ಮಲಾವಿಯಂಥ ದೇಶಗಳು ತಮ್ಮ ಪ್ರತಿ ಟನ್ ಗೊಬ್ಬರಕ್ಕೂ ವಿದೇಶಿ ಹಡಗಿಗೆ, ವಿದೇಶಿ ಬಂದರಿಗೆ, ಅನೇಕ ವೇಳೆ ವಿದೇಶಿ ಲಾರಿಗೂ ಹಣ ಕಟ್ಟಬೇಕು. ನಮ್ಮ ದೃಷ್ಟಿಯಲ್ಲಿ ನಿಜವಾಗಿ ಚರ್ಚೆಯಾಗಬೇಕಾದ ಅಂತರ ಇದು, ಲಕ್ಸೆಂಬರ್ಗಿನ ಒಟ್ಟು ಮೊತ್ತವಲ್ಲ.

ನಿಮ್ಮ ಟಿಪ್ಪಣಿ ಪರಿಹಾರವೆಂದು ಹೆಸರಿಸಿದ ಡಬ್ಲ್ಯುಟಿಒ ಸೇವಾ ವಿನಾಯಿತಿಯ ಬಗ್ಗೆ ಒಂದು ಮಾತು. 2011ರ ಡಿಸೆಂಬರಿನ ಜಿನೀವಾ ಸಚಿವ ಸಮ್ಮೇಳನ ಇದಕ್ಕೆ ಒಪ್ಪಿತು. 2015ರ ನೈರೋಬಿ ಸಮ್ಮೇಳನ 2030ರ ಕೊನೆಯವರೆಗೆ ವಿಸ್ತರಿಸಿತು. ಅತಿ ಹಿಂದುಳಿದ ದೇಶಗಳ ಸೇವೆಗಳಿಗೆ, ಎಲ್ಲರನ್ನೂ ಸಮಾನವಾಗಿ ಕಾಣಬೇಕೆಂಬ ನಿಯಮ ಮೀರಿ, ವಿಶೇಷ ಪ್ರವೇಶ ಕೊಡಲು ಇದರಲ್ಲಿ ಅವಕಾಶವಿದೆ. ಭಾರತವೂ ಸೇರಿ ಹಲವು ಸದಸ್ಯರು ಪಟ್ಟಿ ಸಲ್ಲಿಸಿದ್ದಾರೆ. ಆದರೆ ಕೊಟ್ಟದ್ದರಲ್ಲಿ ಬಹಳಷ್ಟು ಈಗಾಗಲೇ ಎಲ್ಲರಿಗೂ ತೆರೆದಿದ್ದ ಬಾಗಿಲು. ಉಗಾಂಡಾದ ರಾಜಧಾನಿ ಕಂಪಾಲಾದ ಲೆಕ್ಕಪತ್ರ ಸಂಸ್ಥೆಯೊಂದು ಜರ್ಮನಿಯ ಗ್ರಾಹಕನಿಗೆ ಕೆಲಸ ಮಾಡಿಕೊಡಲು ತೊಡಕಾಗುವುದು ಸುಂಕವಲ್ಲ, ಸೇವೆಗೆ ಸುಂಕವೇ ಇಲ್ಲ. ಅದರ ಲೆಕ್ಕಿಗರ ಅರ್ಹತೆಯನ್ನು ಅಲ್ಲಿ ಮಾನ್ಯ ಮಾಡುವುದಿಲ್ಲ. ಗ್ರಾಹಕನನ್ನು ಒಮ್ಮೆ ಕಂಡು ಬರಲು ವೀಸಾ ಸಮಯಕ್ಕೆ ಸಿಗುವುದಿಲ್ಲ. ಹಣ ಬರುವಾಗ ಕಳಿಸುವ ಬ್ಯಾಂಕು, ನಡುವಿನ ಬ್ಯಾಂಕು, ಪಡೆಯುವ ಬ್ಯಾಂಕು ಮೂರೂ ಒಂದಿಷ್ಟು ಕತ್ತರಿಸುತ್ತವೆ. ಸಣ್ಣ ಬಿಲ್ಲಿಗೆ ಆ ಹೊಡೆತ ಜೋರು. ನಡುವಿನ ಬ್ಯಾಂಕುಗಳು ಅಪಾಯದ ನೆಪದಲ್ಲಿ ಬಡ ದೇಶಗಳ ಖಾತೆ ಮುಚ್ಚುತ್ತಾ ಬಂದಿರುವುದು ಇದಕ್ಕೆ ಸೇರಿಕೊಂಡಿದೆ. ಈ ಮೂರರಲ್ಲಿ ಯಾವುದೂ ವಿನಾಯಿತಿಯ ಪಟ್ಟಿಯಿಂದ ತಾನಾಗಿ ಸರಿಹೋಗುವುದಿಲ್ಲ.

ಕೋಷ್ಟಕವನ್ನು ಮತ್ತೊಮ್ಮೆ ಪ್ರಕಟಿಸುವುದಾದರೆ ಕೆಲವು ಕಾಲಂಗಳನ್ನು ಸೇರಿಸಿ ಎಂದು ಕೋರುತ್ತೇವೆ. ಸೇವಾ ರಫ್ತಿನ ಪಕ್ಕದಲ್ಲೇ ಸೇವಾ ಆಮದು, ನಿವ್ವಳ ಮತ್ತು ಜಿಡಿಪಿ ಇರಲಿ. ರಫ್ತನ್ನು ಪ್ರವಾಸ, ಸಾರಿಗೆ, ಹಣಕಾಸು, ಉಳಿದವು ಎಂದು ನಾಲ್ಕು ಭಾಗ ಮಾಡಿ. ಹೊರದೇಶದ ದುಡಿಮೆಯಿಂದ ಬಂದ ಹಣವನ್ನು ರಫ್ತಿಗೆ ಕೂಡಿಸದೆ ಬೇರೆ ಕಾಲಂನಲ್ಲಿ ತೋರಿಸಿ. ಲಕ್ಸೆಂಬರ್ಗಿನ ಸಾಲಿನಲ್ಲಿ ಅದೇ ಕಾಲಂ ಋಣ ಚಿಹ್ನೆಯೊಂದಿಗೆ ಬರುತ್ತದೆ, ಹಾಗೆಯೇ ಬರಲಿ. ಗುಂಪಿನ ಬದಲು ದೇಶಗಳ ಹೆಸರು ಹಾಕಿ. ಜಾಗ ಸಾಲದಿದ್ದರೆ ಇಥಿಯೋಪಿಯಾ, ರುವಾಂಡಾ, ನೇಪಾಳ, ಲೈಬೀರಿಯಾ ನಾಲ್ಕೇ ಸಾಕು. ಪುಟ್ಟ ದೇಶದ ಸಾಲಿಗೆ ಲಕ್ಸೆಂಬರ್ಗಿನ ಜೊತೆ ಮಾಲ್ದೀವ್ಸ್ ಅನ್ನೂ ಇಡಿ. ಗುಂಪನ್ನೇ ಹಾಕುವುದಾದರೆ ಯಾವ ವರ್ಷದ ಪಟ್ಟಿ, ಯಾವ ದೇಶಗಳ ಅಂಕಿ ಇಲ್ಲ, ಫೈಲನ್ನು ಯಾವ ದಿನ ಇಳಿಸಿಕೊಂಡದ್ದು ಎಂಬುದನ್ನು ಅಡಿಯಲ್ಲಿ ಬರೆಯಿರಿ. ಬ್ಯಾಲೆನ್ಸ್ ಆಫ್ ಪೇಮೆಂಟ್ಸ್ ಅಂಕಿಗಳು ಎರಡು ಮೂರು ವರ್ಷ ಹಿಂದಿನವರೆಗೂ ತಿದ್ದುಪಡಿಯಾಗುತ್ತಲೇ ಇರುತ್ತವೆ. ದಿನಾಂಕ ಇಲ್ಲದಿದ್ದರೆ ಪರಿಶೀಲಿಸಲು ಹೊರಟ ಓದುಗನಿಗೆ ಬೇರೆಯೇ ಸಂಖ್ಯೆ ಸಿಕ್ಕು, ತಪ್ಪು ಪತ್ರಿಕೆಯದೋ ತನ್ನದೋ ಎಂದು ತಿಳಿಯುವುದಿಲ್ಲ.

ಇತಿ ವಿಶ್ವಾಸಿಗಳು,
ಅಂತರರಾಷ್ಟ್ರೀಯ ವ್ಯಾಪಾರ ವಿಷಯದ ಅಧ್ಯಾಪಕರು